ಫಿಟ್ಸ್ ಮಾತ್ರೆ ಶುರುವಾದ ಮೇಲೆ ಮೈಮೇಲೆ ದದ್ದು: ಮುಂದಿನ ಡೋಸ್‌ಗೆ ಮುಂಚೆ ಏನು ನೋಡಬೇಕು, ಏನು ಮಾಡಬೇಕು

ಪ್ರಶ್ನೆ ಬಹುತೇಕ ಒಂದೇ ಧಾಟಿಯಲ್ಲಿ ಬರುತ್ತದೆ. "ಫಿಟ್ಸ್‌ಗೆ ಹೊಸ ಮಾತ್ರೆ ಶುರು ಮಾಡಿ 12 ದಿನ ಆಯ್ತು. ನಿನ್ನೆಯಿಂದ ಎದೆ, ಬೆನ್ನಿನ ಮೇಲೆ ಕೆಂಪು ದದ್ದು. ಮಾತ್ರೆ ನಿಲ್ಲಿಸಲೋ, ಮುಂದುವರಿಸಲೋ?"

ಎರಡು ಕಡೆಗೂ ಅಪಾಯವಿದೆ. ತಟ್ಟನೆ ನಿಲ್ಲಿಸಿ ಸುಮ್ಮನೆ ಕೂತರೆ ಫಿಟ್ಸ್ ಒಂದರ ಹಿಂದೊಂದು ಬರಬಹುದು. ಮುಂದುವರಿಸಿದರೆ ಕೆಲವೇ ಕೆಲವರಲ್ಲಿ ಆ ದದ್ದೇ ಚರ್ಮ ಸುಲಿಯುವ ಕಾಯಿಲೆಯಾಗಿ ತಿರುಗಬಹುದು. ಹಾಗಾಗಿ ಇದು ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯವಲ್ಲ. ಆದರೆ ವೈದ್ಯರಿಗೆ ಎಷ್ಟು ಬೇಗ ತಿಳಿಸುತ್ತೀರಿ, ಏನೇನು ತಿಳಿಸುತ್ತೀರಿ ಎಂಬುದು ನಿಮ್ಮ ಕೈಯಲ್ಲಿದೆ, ಮುಂದಿನದು ನಿಂತಿರುವುದೂ ಅದರ ಮೇಲೆಯೇ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಥರ್ಮಾಮೀಟರ್, ಟಾರ್ಚ್, ಒಂದು ಗಾಜಿನ ಲೋಟ, ಬಾಲ್‌ಪೆನ್ನು, ಫೋನ್, ಡಾಕ್ಟರ ಚೀಟಿ, ಕಳೆದ ಎರಡು ತಿಂಗಳಲ್ಲಿ ತಿಂದ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು. ಖಾಲಿಯಾದವೂ ಬೇಕು, ಎಸೆಯಬೇಡಿ.

1. ಸ್ಟ್ರಿಪ್ ತಿರುಗಿಸಿ, ಔಷಧದ ಹೆಸರು ಓದಿ

ದೊಡ್ಡಕ್ಷರದ ಬ್ರ್ಯಾಂಡ್ ಹೆಸರಿಗಿಂತ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಮುಖ್ಯ. ದದ್ದಿಗೆ ಕುಖ್ಯಾತಿ ಪಡೆದವು ಐದು: ಎಪ್ಟಾಯಿನ್ ಹೆಸರಲ್ಲಿ ಸಿಗುವ ಫೆನಿಟಾಯಿನ್, ಟೆಗ್ರಿಟಾಲ್ ಅಥವಾ ಮ್ಯಾಜೆಟಾಲ್ ಎನ್ನುವ ಕಾರ್ಬಮಜೆಪಿನ್, ಆಕ್ಸೆಟಾಲ್ ಎಂಬ ಆಕ್ಸ್‌ಕಾರ್ಬಜೆಪಿನ್, ಗಾರ್ಡಿನಾಲ್ ಎಂದು ಎಲ್ಲರಿಗೂ ಗೊತ್ತಿರುವ ಫಿನೋಬಾರ್ಬಿಟೋನ್, ಮತ್ತು ಲ್ಯಾಮಿಟಾರ್ ಎಂಬ ಲ್ಯಾಮೋಟ್ರಿಜಿನ್.

ಈ ಐದನ್ನೂ 'ಅರೋಮ್ಯಾಟಿಕ್' ಗುಂಪು ಎನ್ನುತ್ತಾರೆ. ವಾಸನೆಗೂ ಇದಕ್ಕೂ ಸಂಬಂಧವಿಲ್ಲ. ಔಷಧದ ಅಣುವಿನಲ್ಲಿ ಉಂಗುರದಂಥ ಒಂದು ರಚನೆ ಇರುತ್ತದೆ, ಅಷ್ಟೆ. ಒಂದಕ್ಕೆ ದೇಹ ತಿರುಗಿಬಿದ್ದರೆ ಅದೇ ಗುಂಪಿನ ಇನ್ನೊಂದಕ್ಕೂ ತಿರುಗಿಬೀಳುವುದುಂಟು. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಮೂರರ ನಡುವೆ ಹೀಗಾಗುವ ಸಂಭವ ಶೇ 40ರಿಂದ 80. ಈ ಅಂಕಿ ನೆನಪಿರಲಿ, 7ನೇ ಹಂತದಲ್ಲಿ ಬೇಕಾಗುತ್ತದೆ. ಜೋನಿಸಮೈಡ್ ಎಂಬ ಇನ್ನೊಂದು ಫಿಟ್ಸ್ ಔಷಧದಲ್ಲಿ ಸಲ್ಫಾ ಅಂಶವಿದೆ; ಸಲ್ಫಾ ಅಲರ್ಜಿ ಇರುವವರು ಮೊದಲೇ ಹೇಳಬೇಕು.

ಲೆವೆಟಿರಾಸಿಟಾಮ್, ವಾಲ್ಪ್ರೊಯೇಟ್, ಕ್ಲೋಬಜಾಮ್, ಟೋಪಿರಾಮೇಟ್, ಗಾಬಾಪೆಂಟಿನ್‌ಗಳಲ್ಲಿ ದದ್ದು ಕಡಿಮೆ. ಕಡಿಮೆ ಎಂದರೆ ಸೊನ್ನೆಯಲ್ಲ.

2. ಕ್ಯಾಲೆಂಡರ್ ತೆಗೆಯಿರಿ

ಮೊದಲ ಮಾತ್ರೆ ನುಂಗಿದ ದಿನವನ್ನು 1 ಎಂದು ಎಣಿಸಿ. ದದ್ದು ಕಂಡ ದಿನ ಎಷ್ಟನೆಯದು?

ಸಾಮಾನ್ಯ ಔಷಧ ದದ್ದು, ಅಂದರೆ ದಡಾರದ ಹಾಗೆ ಸಣ್ಣ ಕೆಂಪು ಚುಕ್ಕೆಗಳು ಕೂಡಿಕೊಂಡು ಹರಡುವುದು, ಹೆಚ್ಚಾಗಿ 5ರಿಂದ 14ನೇ ದಿನದೊಳಗೆ ಬರುತ್ತದೆ. ಚರ್ಮ ಸುಲಿಯುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್‌ಗೆ 4ರಿಂದ 28ನೇ ದಿನ. ಜ್ವರ, ಮುಖದ ಊತ, ಲಿವರ್ ಏಟಿನೊಂದಿಗೆ ಬರುವ 'ಡ್ರೆಸ್' ಎಂಬ ಪ್ರತಿಕ್ರಿಯೆಗೆ 2ರಿಂದ 8 ವಾರ. ಹೀಗಾಗಿ ಹೊಸ ಮಾತ್ರೆಯ ಮೊದಲ 8 ವಾರಗಳಲ್ಲಿ ಬರುವ ಯಾವ ದದ್ದನ್ನೂ, ಬೇರೆ ಕಾರಣ ಸಾಬೀತಾಗುವ ತನಕ, ಮಾತ್ರೆಯದ್ದೇ ಎಂದು ನೋಡಬೇಕು. ಹಿಂದೊಮ್ಮೆ ಅದೇ ಔಷಧಕ್ಕೆ ದದ್ದು ಬಂದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಎರಡನೇ ಸಲ ಒಂದೆರಡು ದಿನದಲ್ಲೇ ಬರಬಹುದು.

ಜನ ಎಡವುವುದು ಇಲ್ಲೇ. ಎರಡು ವಾರ ಸುಮ್ಮನಿದ್ದ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಿನ್ನೆ ತಿಂದ ಬದನೆಕಾಯಿ ಪಲ್ಯ ನಂಜಾಯಿತು, ಪಿತ್ತ ಕೆರಳಿತು, ಸೋಪು ಬದಲಾಯಿಸಿದೆವು ಎಂದು ಮೂರು ದಿನ ಕಳೆದುಹೋಗುತ್ತದೆ. ದೇಹದ ರಕ್ಷಣಾ ಪಡೆ ಔಷಧವನ್ನು ಗುರುತಿಸಿ ಸೈನ್ಯ ಕಟ್ಟಿಕೊಳ್ಳಲು ಅಷ್ಟು ದಿನ ಬೇಕೇ ಬೇಕು. ತಡವಾಗಿ ಬಂದದ್ದೇ ಮಾತ್ರೆಯ ಮೇಲಿನ ಅನುಮಾನಕ್ಕೆ ಕಾರಣ.

ವರ್ಷಗಟ್ಟಲೆ ಒಂದೇ ಮಾತ್ರೆ, ಒಂದೇ ಡೋಸ್ ತಿನ್ನುತ್ತಿರುವವರಿಗೆ ಈಗ ದದ್ದು ಬಂದರೆ ಆ ಮಾತ್ರೆಯ ತಪ್ಪಿರುವುದು ಅಪರೂಪ. ಈಚೆಗೆ ಸೇರಿಸಿದ ಬೇರೆ ಮಾತ್ರೆ ಹುಡುಕಿ: ಸಲ್ಫಾ ಆ್ಯಂಟಿಬಯಾಟಿಕ್, ನೋವಿನ ಮಾತ್ರೆ, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್.

3. ಬೆಳಕಿನಲ್ಲಿ ಮೈಯೆಲ್ಲ ನೋಡಿ

ಟ್ಯೂಬ್‌ಲೈಟ್ ಕೆಳಗಲ್ಲ, ಹಗಲು ಕಿಟಕಿಯ ಪಕ್ಕ. ಬೆನ್ನು, ಕಂಕುಳು, ಅಂಗೈ, ಅಂಗಾಲು ಎಲ್ಲವನ್ನೂ ಇನ್ನೊಬ್ಬರು ನೋಡಬೇಕು. ವೈದ್ಯಕೀಯ ಪುಸ್ತಕದ ಚಿತ್ರಗಳಲ್ಲಿ ದದ್ದು ಕೆಂಪಗೆ ಎದ್ದು ಕಾಣುತ್ತದೆ, ಏಕೆಂದರೆ ಅವು ಹೆಚ್ಚಾಗಿ ಬಿಳಿ ಚರ್ಮದ ಚಿತ್ರಗಳು. ನಮ್ಮ ಎಣ್ಣೆಗೆಂಪು, ಕಪ್ಪು ಚರ್ಮದಲ್ಲಿ ಅದು ಕಂದು, ನೇರಳೆ ಅಥವಾ ಸುತ್ತಲಿನ ಚರ್ಮಕ್ಕಿಂತ ತುಸು ಗಾಢವಾಗಿ ಮಾತ್ರ ಕಾಣಬಹುದು. ಕಣ್ಣು ನಂಬದಿದ್ದರೆ ಬೆರಳಾಡಿಸಿ, ಉಬ್ಬು ಕೈಗೆ ಸಿಗುತ್ತದೆ.

ಗಾಜಿನ ಲೋಟದ ಬದಿಯನ್ನು ಚುಕ್ಕೆಯ ಮೇಲೆ ಒತ್ತಿ ಗಾಜಿನೊಳಗಿಂದ ನೋಡಿ. ಬಣ್ಣ ಮಾಸಿದರೆ ಅದು ರಕ್ತನಾಳ ಹಿಗ್ಗಿದ್ದರಿಂದ ಬಂದ ಕೆಂಪು. ಮಾಸದಿದ್ದರೆ ಚರ್ಮದಡಿ ರಕ್ತ ಸೋರಿದೆ ಎಂದರ್ಥ, ಅದು ಒಳ್ಳೆಯ ಸೂಚನೆಯಲ್ಲ. ಕಪ್ಪು ಚರ್ಮದವರಲ್ಲಿ ಅಂಗೈ, ಅಂಗಾಲಿನ ಚುಕ್ಕೆಯ ಮೇಲೆ ಒತ್ತಿದರೆ ಸ್ಪಷ್ಟ.

ಒಂದೆರಡು ಕಡೆ ದದ್ದಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಒಂದು ರೂಪಾಯಿ ನಾಣ್ಯ ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ, ಅಳತೆ ಸಿಗುತ್ತದೆ. ದೂರದಿಂದ ಒಂದು, ಹತ್ತಿರದಿಂದ ಒಂದು.

ಈಗ ಟಾರ್ಚ್ ಹಿಡಿದು ತುಟಿ, ಕೆನ್ನೆಯ ಒಳಭಾಗ, ನಾಲಿಗೆ, ಗಂಟಲು ನೋಡಿ. ಕಣ್ಣು ಕೆಂಪಾಗಿದೆಯೇ, ಮರಳು ಬಿದ್ದಂತೆ ಚುಚ್ಚುತ್ತಿದೆಯೇ ಕೇಳಿ. ಮೂತ್ರ ಹೋಗುವಾಗ ಉರಿಯೇ, ಗುಪ್ತಾಂಗದಲ್ಲಿ ಹುಣ್ಣೇ ಎಂಬುದನ್ನೂ ಕೇಳಿ. ಮನೆಯಲ್ಲಿ ಇದನ್ನು ಕೇಳಲು ನಾಚಿಕೆಪಡುತ್ತಾರೆ. ಅನೇಕ ಸಲ ಮೊದಲ ಸುಳಿವು ಸಿಗುವುದು ಅಲ್ಲೇ. ಕೊನೆಯದಾಗಿ: ತುರಿಕೆಯೋ, ನೋವೋ? ಬರೀ ತುರಿಸುವ ದದ್ದಿಗಿಂತ ಮುಟ್ಟಿದರೆ ನೋಯುವ, ಸುಟ್ಟಂತೆ ಉರಿಯುವ ಚರ್ಮ ಹೆಚ್ಚು ಅಪಾಯದ್ದು.

4. ಇವುಗಳಲ್ಲಿ ಒಂದಿದ್ದರೂ ಈಗಲೇ ಆಸ್ಪತ್ರೆಗೆ

- 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ
- ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣು, ಉರಿ, ತುಟಿಯಲ್ಲಿ ರಕ್ತದ ಹೆಕ್ಕಳ
- ನೀರುಗುಳ್ಳೆ, ಅಥವಾ ಉಜ್ಜಿದರೆ ಜಾರಿ ಬರುವ ಚರ್ಮ
- ನಡುವೆ ಕಪ್ಪು-ನೇರಳೆ, ಸುತ್ತ ಕೆಂಪು ಇರುವ ಚುಕ್ಕೆಗಳು, ಮುಟ್ಟಿದರೆ ನೋವು
- ಮುಖ, ಕಣ್ಣಿನ ಸುತ್ತ ಊತ. ಕತ್ತು, ಕಂಕುಳಲ್ಲಿ ಗಂಟು
- ಕಣ್ಣು ಹಳದಿ, ಮೂತ್ರ ಕಡುಬಣ್ಣ, ವಿಪರೀತ ಸುಸ್ತು
- ಗಂಟೆಗಳಲ್ಲಿ ಪೆನ್ನಿನ ಗೆರೆ ದಾಟಿ ಹರಡುವುದು
- ನಾಲಿಗೆ ಊದುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವಂತಾಗುವುದು. ಇದಕ್ಕೆ ಕಾರು ಹುಡುಕಬೇಡಿ, 108ಕ್ಕೆ ಫೋನ್ ಮಾಡಿ.

ಈ ಪಟ್ಟಿಯಲ್ಲಿರುವವರು ಅನುಮಾನವಿರುವ ಮಾತ್ರೆಯ ಮುಂದಿನ ಡೋಸ್ ನುಂಗದೆ ಹೊರಡಬೇಕು. ಡೋಸ್ ತಪ್ಪಿದ್ದಕ್ಕೆ ಬದಲಿ ಔಷಧವನ್ನು ಆಸ್ಪತ್ರೆಯಲ್ಲೇ, ಬೇಕಾದರೆ ಡ್ರಿಪ್ ಮೂಲಕ, ಕೊಡುತ್ತಾರೆ. ನಿಲ್ಲಿಸುವುದೂ ಹೊರಡುವುದೂ ಒಟ್ಟಿಗೇ ಆಗಬೇಕು. ನಿಲ್ಲಿಸಿ ಮನೆಯಲ್ಲಿ ಕಾಯುವುದಲ್ಲ. ದೊಡ್ಡ ಆಸ್ಪತ್ರೆ ಇದ್ದರೆ ನೇರ ಅಲ್ಲಿಗೆ. ಚರ್ಮ, ಕಣ್ಣು, ನರ ಮೂರೂ ವಿಭಾಗ ಮತ್ತು ಐಸಿಯು ಇರುವ ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ ಅಲೆದಾಟ ತಪ್ಪುತ್ತದೆ.

ಸ್ಟೀವನ್ಸ್-ಜಾನ್ಸನ್‌ನಲ್ಲಿ ಚರ್ಮಕ್ಕಿಂತ ಮುಂಚೆ ಒಂದರಿಂದ ಮೂರು ದಿನ ಜ್ವರ, ಗಂಟಲು ನೋವು, ಕಣ್ಣುರಿ ಮಾತ್ರ ಇರಬಹುದು. ನೋಡಿದವರಿಗೆ ಫ್ಲೂ ಎನ್ನಿಸುತ್ತದೆ. ಆಮೇಲೆ ಮುಖ, ಎದೆಯಲ್ಲಿ ದದ್ದು ಶುರುವಾಗಿ ಹರಡುತ್ತದೆ. ಸುಲಿದ ಚರ್ಮ ಮೈಯ ಶೇ 10ಕ್ಕಿಂತ ಕಡಿಮೆ ಇದ್ದರೆ ಈ ಹೆಸರು. ಶೇ 30 ದಾಟಿದರೆ 'ಟೆನ್' ಎನ್ನುತ್ತಾರೆ, ಅದರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಅಳತೆಗೆ ರೋಗಿಯ ಬೆರಳು ಸೇರಿದ ಅಂಗೈಯನ್ನು ಶೇ 1 ಎಂದು ಹಿಡಿಯುತ್ತಾರೆ. ಇದೆಲ್ಲ ಅಪರೂಪ: ಕಾರ್ಬಮಜೆಪಿನ್ ಹೊಸದಾಗಿ ಶುರು ಮಾಡುವ 10,000 ಐರೋಪ್ಯ ಮೂಲದವರಲ್ಲಿ 1ರಿಂದ 6 ಮಂದಿಗೆ. ಏಷ್ಯಾದ ಕೆಲವು ದೇಶಗಳಲ್ಲಿ ಅದರ ಹತ್ತು ಪಟ್ಟಿನಷ್ಟು.

ಡ್ರೆಸ್ ಬೇರೆ ಥರದ ಮೋಸ ಮಾಡುತ್ತದೆ. ದದ್ದು ಸಾಧಾರಣ, ಗುಳ್ಳೆ ಇಲ್ಲ, ಆದರೆ ಜ್ವರ ಬಿಡುವುದಿಲ್ಲ, ಬೆಳಗ್ಗೆ ಎದ್ದಾಗ ಮುಖ ದಪ್ಪ. ಏಟು ಬೀಳುತ್ತಿರುವುದು ಒಳಗೆ, ಲಿವರ್‌ಗೆ. ರಕ್ತ ಪರೀಕ್ಷೆ ಇಲ್ಲದೆ ಗೊತ್ತಾಗುವುದಿಲ್ಲ.

5. ಅಪಾಯದ ಚಿಹ್ನೆ ಒಂದೂ ಇಲ್ಲದಿದ್ದರೆ

ಜ್ವರವಿಲ್ಲ, ಬಾಯಿ-ಕಣ್ಣು ಚೆನ್ನಾಗಿವೆ, ಸ್ವಲ್ಪ ತುರಿಕೆ ಮಾತ್ರ. ಫೆನಿಟಾಯಿನ್, ಕಾರ್ಬಮಜೆಪಿನ್, ಲ್ಯಾಮೋಟ್ರಿಜಿನ್ ಶುರು ಮಾಡುವ 100 ಜನರಲ್ಲಿ ಸುಮಾರು 5ರಿಂದ 10 ಮಂದಿಗೆ ಇಂಥ ದದ್ದು ಬರುತ್ತದೆ, ಹೆಚ್ಚಿನದು ಮಾತ್ರೆ ಬದಲಾಯಿಸಿದ ಒಂದೆರಡು ವಾರದಲ್ಲಿ ಇಳಿಯುತ್ತದೆ. ಆದರೂ ಅದೇ ದಿನ, ಮುಂದಿನ ಡೋಸ್‌ಗೆ ಮುಂಚೆ, ಮಾತ್ರೆ ಬರೆದ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ದೊಡ್ಡದೂ ಮೊದಲ ದಿನ ಹೀಗೇ ಇರಬಹುದು. ಲ್ಯಾಮೋಟ್ರಿಜಿನ್ ವಿಷಯದಲ್ಲಂತೂ ವೈದ್ಯರು ಸಾಮಾನ್ಯವಾಗಿ ಕಾದು ನೋಡುವುದಿಲ್ಲ. ದದ್ದಿಗೆ ಬೇರೆ ಕಾರಣ ಖಚಿತವಾಗದಿದ್ದರೆ ನಿಲ್ಲಿಸುತ್ತಾರೆ.

ವಾಟ್ಸ್‌ಆ್ಯಪ್‌ನಲ್ಲಿ ಬರೀ ಫೋಟೊ ಕಳಿಸಿ "ಸಾರ್, ಏನಿದು?" ಎಂದರೆ ಯಾರಿಗೂ ಉತ್ತರ ಕೊಡಲಾಗದು. ಹೀಗೆ ಬರೆಯಿರಿ: "ಲ್ಯಾಮೋಟ್ರಿಜಿನ್ 25 ಮಿ.ಗ್ರಾಂ, ಶುರುವಾಗಿ 16ನೇ ದಿನ. ಜೊತೆಗೆ ವಾಲ್ಪ್ರೊಯೇಟ್ ಇದೆ. ದದ್ದು ನಿನ್ನೆ ಸಂಜೆಯಿಂದ, ಎದೆ ಮತ್ತು ತೋಳು. ಜ್ವರ 98.8. ಬಾಯಿ, ಕಣ್ಣು ಸರಿ. ಮುಂದಿನ ಡೋಸ್ ರಾತ್ರಿ 8ಕ್ಕೆ."

ಡೋಸ್ ಸಮಯದೊಳಗೆ ಅವರು ಸಿಗದಿದ್ದರೆ, ಮಾರನೇ ದಿನದ ಓಪಿಡಿಗೆ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಕೇಳಿ. ಅಲ್ಲಿಯ ತನಕ ನಾಲ್ಕು ಗಂಟೆಗೊಮ್ಮೆ ಜ್ವರ, ಬಾಯಿ, ಕಣ್ಣು, ಪೆನ್ನಿನ ಗೆರೆ ನೋಡುತ್ತಿರಿ.

ಅಲ್ಲಲ್ಲಿ ಎದ್ದು, ಒಂದೊಂದೂ 24 ಗಂಟೆಯೊಳಗೆ ಗುರುತಿಲ್ಲದೆ ಮಾಯವಾಗಿ, ಇನ್ನೊಂದು ಕಡೆ ಏಳುವುದು ಪಿತ್ತದ ಗಂಧೆ. ಅದೂ ಮಾತ್ರೆಯಿಂದ ಬರಬಹುದು, ತಿಳಿಸಲೇಬೇಕು. ಆದರೆ ಅದರ ಅಪಾಯ ಉಸಿರಾಟದ್ದು, ಚರ್ಮ ಸುಲಿಯುವುದರದ್ದಲ್ಲ.

6. ಮಾಡಬಾರದ್ದು

ಜ್ವರದ ಜೊತೆ ಮೈತುಂಬ ಗುಳ್ಳೆ ಎದ್ದರೆ "ಅಮ್ಮ ಆಗಿದೆ" ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿ, ಮನೆಯಿಂದ ಹೊರಗೆ ಕಳಿಸದ ರೂಢಿ ಇನ್ನೂ ಇದೆ. ಹೊಸ ಫಿಟ್ಸ್ ಮಾತ್ರೆ ತಿನ್ನುತ್ತಿರುವವರ ಮಟ್ಟಿಗೆ ಇದರಷ್ಟು ಸಮಯ ತಿನ್ನುವ ತಪ್ಪು ಬೇರೆ ಇಲ್ಲ. ನಿಜಕ್ಕೂ ದಡಾರ, ಡೆಂಗಿ ಇರಬಹುದು, ಹೇಳಬೇಕಾದವರು ಡಾಕ್ಟರು.

ಅರಿಶಿನ, ಬೇವಿನ ರಸ, ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ. ಬಣ್ಣ ಮುಚ್ಚಿಹೋಗುತ್ತದೆ, ಬಿರಿದ ಚರ್ಮಕ್ಕೆ ಸೋಂಕು ಹತ್ತುತ್ತದೆ. ಗುಳ್ಳೆ ಒಡೆಯಬೇಡಿ.

ಅಲರ್ಜಿ ಎಂದಾಕ್ಷಣ ಕ್ಲಿನಿಕ್‌ಗಳಲ್ಲಿ ಏವಿಲ್ ಇಂಜೆಕ್ಷನ್ ಚುಚ್ಚುವುದು ವಾಡಿಕೆ. ಏವಿಲ್ ಎಂದರೆ ಫೆನಿರಮೈನ್. ಮಂಪರು ತರಿಸುವ ಈ ಹಳೆಯ ಕಾಲದ ಅಲರ್ಜಿ ಔಷಧಗಳು ಫಿಟ್ಸ್ ಇರುವವರಲ್ಲಿ ಫಿಟ್ಸ್ ಕೆರಳಿಸಬಹುದು. ಚುಚ್ಚುವ ಮುಂಚೆ "ನನಗೆ ಫಿಟ್ಸ್ ಇದೆ" ಎನ್ನಿ. ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್‌ಗಳಿಗೂ ಇದೇ ಮಾತು.

ಮಾತ್ರೆಯನ್ನು ಅರ್ಧ ಮಾಡಿ ನುಂಗುವುದು ಇನ್ನೊಂದು ಸ್ವಂತ ಬುದ್ಧಿ. ಇದರಲ್ಲಿ ಎರಡೂ ನಷ್ಟ: ಅಲರ್ಜಿಗೆ ಅರ್ಧವೂ ಸಾಕು, ಫಿಟ್ಸ್ ತಡೆಯಲು ಅರ್ಧ ಸಾಲದು.

7. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ್ದು

ಮಾತ್ರೆ ನಿಂತ ಮೇಲೆ ಫಿಟ್ಸ್ ಬಂದರೆ ತುರ್ತು ವಿಭಾಗದಲ್ಲಿ ಅಭ್ಯಾಸಬಲದಿಂದ ಫೆನಿಟಾಯಿನ್ ಅಥವಾ ಫಾಸ್‌ಫೆನಿಟಾಯಿನ್ ಇಂಜೆಕ್ಷನ್ ಕೈಗೆತ್ತಿಕೊಳ್ಳುವುದುಂಟು. ಕಾರ್ಬಮಜೆಪಿನ್ ದದ್ದು ಬಂದವರಿಗೆ ಅದು ಬೆಂಕಿಗೆ ಎಣ್ಣೆ. ಆದ್ದರಿಂದ ಒಳಗೆ ಕಾಲಿಡುತ್ತಲೇ ಈ ವಾಕ್ಯ: "ಇವರಿಗೆ ಇಂಥ ಫಿಟ್ಸ್ ಮಾತ್ರೆಯಿಂದ ದದ್ದು ಬಂದಿದೆ. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ಗುಂಪಿನದು ಕೊಡಬೇಡಿ." ಕಾಗದದ ಮೇಲೆ ದೊಡ್ಡದಾಗಿ ಬರೆದು ಕೇಸ್ ಶೀಟ್‌ಗೆ ಲಗತ್ತಿಸಲು ಹೇಳಿ. ಪಾಳಿ ಬದಲಾದರೂ ಕಾಗದ ಅಲ್ಲೇ ಇರುತ್ತದೆ.

ಕೇಳಿ ಮಾಡಿಸಿಕೊಳ್ಳಬೇಕಾದ ಪರೀಕ್ಷೆಗಳು: ಇಯೊಸಿನೋಫಿಲ್ ಸೇರಿದ ಪೂರ್ತಿ ರಕ್ತಕಣ ಎಣಿಕೆ (ಅಲರ್ಜಿಯಲ್ಲಿ ಏರುವ ಬಿಳಿಕಣ ಅದು), ಲಿವರ್ ಪರೀಕ್ಷೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಮೂತ್ರ. ಕಣ್ಣು ಕೆಂಪಾಗಿದ್ದರೆ ಅದೇ ದಿನ ಕಣ್ಣಿನ ವೈದ್ಯರು ನೋಡಬೇಕು. ತಡವಾದರೆ ರೆಪ್ಪೆಯ ಒಳಪದರ ಕಣ್ಣುಗುಡ್ಡೆಗೆ ಅಂಟಿ, ಚರ್ಮ ವಾಸಿಯಾದರೂ ದೃಷ್ಟಿ ಕುಂದಬಹುದು.

ಬದಲಿಯಾಗಿ ಹೆಚ್ಚಾಗಿ ಲೆವೆಟಿರಾಸಿಟಾಮ್ ಕೊಡುತ್ತಾರೆ. ಡ್ರಿಪ್‌ನಲ್ಲೂ ಕೊಡಬಹುದು, ವಾರಗಟ್ಟಲೆ ಏರಿಸುತ್ತ ಹೋಗಬೇಕಿಲ್ಲ. ಕೆಲವರಿಗೆ ಅದರಿಂದ ವಿಪರೀತ ಸಿಟ್ಟು, ಬೇಸರ ಬರುತ್ತದೆ, ಮನೆಯವರು ಗಮನಿಸಿ ಹೇಳಬೇಕು. ಹೊಸ ಮಾತ್ರೆ ಹಿಡಿತಕ್ಕೆ ಬರುವ ತನಕ ಸೇತುವೆಯಾಗಿ ಕ್ಲೋಬಜಾಮ್ ಬಳಸುವುದೂ ಉಂಟು. ಲಿವರ್ ಏಟು ತಿಂದಿದ್ದರೆ ವಾಲ್ಪ್ರೊಯೇಟ್ ಬೇಡವೆನ್ನುತ್ತಾರೆ. ಮುಂದೆ ಮಗು ಆಗಬಹುದಾದ ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭದ ಮೇಲಿನ ಹಾನಿಯಿಂದಾಗಿ ಅದು ಮೊದಲೇ ಒಲ್ಲದ ಆಯ್ಕೆ.

8. ಮಾತ್ರೆ ನಿಂತ ಮೇಲೆ

ಮಾರನೇ ದಿನವೇ ದದ್ದು ಇಳಿಯಲಿಲ್ಲವೆಂದು ಗಾಬರಿ ಬೀಳುತ್ತಾರೆ. ಔಷಧ ಮೈಯಿಂದ ಹೋಗಲು ದಿನಗಳು ಬೇಕು. ಫಿನೋಬಾರ್ಬಿಟೋನ್ ಪ್ರಮಾಣ ಅರ್ಧಕ್ಕೆ ಇಳಿಯಲೇ ಮೂರು-ನಾಲ್ಕು ದಿನ. ಲ್ಯಾಮೋಟ್ರಿಜಿನ್‌ಗೆ ಒಂದು ದಿನದ ಮೇಲೆ, ಜೊತೆಗೆ ವಾಲ್ಪ್ರೊಯೇಟ್ ಇದ್ದರೆ ಅದರ ದುಪ್ಪಟ್ಟು. ಹಾಗಾಗಿ ನಿಲ್ಲಿಸಿದ ಮೇಲೂ ಮೂರು-ನಾಲ್ಕು ದಿನ 4ನೇ ಹಂತದ ಪಟ್ಟಿಯ ಮೇಲೆ ಕಣ್ಣಿರಲಿ. ಇಳಿಯುವಾಗ ಸಣ್ಣ ಹೊಟ್ಟಿನಂತೆ ಸಿಪ್ಪೆ ಏಳುವುದು ಸಹಜ. ಹಾಳೆ ಹಾಳೆಯಾಗಿ, ಕೆಳಗೆ ಹಸಿ ಚರ್ಮ ಕಾಣುವಂತೆ ಏಳುವುದು ಸಹಜವಲ್ಲ.

ಡ್ರೆಸ್ ಆದವರಿಗೆ ಸ್ಟೀರಾಯ್ಡ್ ಇಳಿಸುವಾಗ ಮತ್ತೆ ಕೆರಳುವುದುಂಟು, ಆದ್ದರಿಂದ ವಾರಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ತಿಂಗಳುಗಳ ನಂತರ ಥೈರಾಯ್ಡ್ ತೊಂದರೆ ಕಾಣಿಸಬಹುದು, ಮರುಪರೀಕ್ಷೆ ತಪ್ಪಿಸಬೇಡಿ.

ಸ್ಟೀವನ್ಸ್-ಜಾನ್ಸನ್, ಟೆನ್, ಡ್ರೆಸ್ ಆದವರಿಗೆ ಆ ಔಷಧ ಜನ್ಮದಲ್ಲಿ ಮತ್ತೆ ಬೇಡ. ಪರ್ಸಿನಲ್ಲಿ, ಫೋನಿನ ಲಾಕ್‌ಸ್ಕ್ರೀನ್‌ನಲ್ಲಿ ಬರೆದಿಡಿ: ಔಷಧದ ಹೆಸರು (ಬ್ರ್ಯಾಂಡ್ ಹೆಸರು ಸಾಲದು, ಒಂದೇ ಔಷಧಕ್ಕೆ ಹತ್ತಾರು ಬ್ರ್ಯಾಂಡ್), ಏನಾಯಿತು, ಯಾವ ವರ್ಷ. ಕಾರ್ಬಮಜೆಪಿನ್ ಅನ್ನು ಮುಖದ ನರದ ನೋವಿಗೂ, ಲ್ಯಾಮೋಟ್ರಿಜಿನ್ ಅನ್ನು ಬೈಪೋಲಾರ್ ಕಾಯಿಲೆಗೂ ಕೊಡುತ್ತಾರೆ. ಫಿಟ್ಸ್‌ಗೆ ಸಂಬಂಧವಿಲ್ಲದ ಡಾಕ್ಟರಿಗೂ ಈ ಚೀಟಿ ತೋರಿಸಬೇಕಾದ ಕಾರಣ ಅದೇ.

9. ಇನ್ನೂ ಶುರು ಮಾಡದವರಿಗೆ

ಲ್ಯಾಮೋಟ್ರಿಜಿನ್‌ನಲ್ಲಿ ಅವಸರವೇ ದದ್ದಿನ ದೊಡ್ಡ ಕಾರಣ. ವಯಸ್ಕರಿಗೆ ಒಂದೇ ಔಷಧವಾಗಿ ಕೊಡುವಾಗ ಮೊದಲ ಎರಡು ವಾರ ದಿನಕ್ಕೆ 25 ಮಿ.ಗ್ರಾಂ, ಮುಂದಿನ ಎರಡು ವಾರ 50. ಜೊತೆಗೆ ವಾಲ್ಪ್ರೊಯೇಟ್ ಇದ್ದರೆ ಮೊದಲ ಎರಡು ವಾರ ದಿನ ಬಿಟ್ಟು ದಿನ 25, ಆಮೇಲೆ ಎರಡು ವಾರ ದಿನಕ್ಕೆ 25. ನಿಮ್ಮ ಚೀಟಿ ಇದಕ್ಕಿಂತ ವೇಗವಾಗಿದ್ದರೆ ಕಾರಣ ಕೇಳಿ. ಫೆನಿಟಾಯಿನ್, ಕಾರ್ಬಮಜೆಪಿನ್ ಜೊತೆಗಿದ್ದು ವಾಲ್ಪ್ರೊಯೇಟ್ ಇಲ್ಲದಿದ್ದರೆ ಲೆಕ್ಕವೇ ಬೇರೆ. ಮಕ್ಕಳಿಗೆ ತೂಕದ ಮೇಲೆ, ಮತ್ತು ಗಂಭೀರ ದದ್ದಿನ ಸಂಭವ ಅವರಲ್ಲೇ ಹೆಚ್ಚು. ಊರಿಗೆ ಹೋದಾಗ ಮಾತ್ರೆ ಮರೆತು ಐದಾರು ದಿನ ತಪ್ಪಿದರೆ ಹಳೇ ಡೋಸ್‌ಗೆ ನೇರ ಹಾರಬೇಡಿ. ಮತ್ತೆ ಕೆಳಗಿನಿಂದ ಏರಬೇಕಾಗಬಹುದು, ಫೋನ್ ಮಾಡಿ ಕೇಳಿ.

ಕಾರ್ಬಮಜೆಪಿನ್‌ಗೆ ಮುಂಚೆ ಎಚ್‌ಎಲ್‌ಎ-ಬಿ 15:02 ಎಂಬ ವಂಶವಾಹಿ ಪರೀಕ್ಷೆ ಇದೆ. 2004ರಲ್ಲಿ ತೈವಾನ್‌ನ ಸಂಶೋಧಕರು ಹಾನ್ ಚೀನೀಯರಲ್ಲಿ ಇದಕ್ಕೂ ಸ್ಟೀವನ್ಸ್-ಜಾನ್ಸನ್‌ಗೂ ಇರುವ ನಂಟನ್ನು ತೋರಿಸಿದರು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಏಷ್ಯಾ ಮೂಲದವರಿಗೆ ಪರೀಕ್ಷೆ ಮಾಡಿಯೇ ಮಾತ್ರೆ ಕೊಡಿ ಎಂದಿತು. ಭಾರತೀಯರೂ ಸೇರಿದಂತೆ ದಕ್ಷಿಣ ಏಷ್ಯಾದವರಲ್ಲಿ ಇದು ಸರಾಸರಿ 100ಕ್ಕೆ 2ರಿಂದ 4 ಮಂದಿಯಲ್ಲಿ, ಕೆಲವು ಸಮುದಾಯಗಳಲ್ಲಿ ಹೆಚ್ಚು. ರಕ್ತ ಕೊಟ್ಟರೆ ಸಾಕು, ಜೀವಮಾನಕ್ಕೆ ಒಂದೇ ಸಲ. ಫಲಿತಾಂಶಕ್ಕೆ ಕೆಲವು ದಿನ ಹಿಡಿಯುವುದರಿಂದ ತುರ್ತಿಲ್ಲದಿದ್ದರೆ ಕಾಯಬಹುದು. ಪಾಸಿಟಿವ್ ಬಂದರೆ ಕಾರ್ಬಮಜೆಪಿನ್ ಬೇಡ. ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್‌ಗಳನ್ನೂ ದೂರವಿಡುತ್ತಾರೆ. ನೆಗೆಟಿವ್ ಬಂದರೆ ಅದು ರಕ್ಷಾಪತ್ರವಲ್ಲ, ಎಚ್‌ಎಲ್‌ಎ-ಎ 31:01 ಮೊದಲಾದ ಬೇರೆ ವಂಶವಾಹಿಗಳೂ ಇವೆ. ಮೇಲಿನ ಎಂಟು ಹಂತಗಳು ಅವರಿಗೂ ಅನ್ವಯ. ವರ್ಷಗಳಿಂದ ತೊಂದರೆಯಿಲ್ಲದೆ ಕಾರ್ಬಮಜೆಪಿನ್ ತಿನ್ನುತ್ತಿರುವವರು ಇದನ್ನು ಓದಿ ಲ್ಯಾಬಿಗೆ ಓಡಬೇಕಿಲ್ಲ, ಮಾತ್ರೆ ಬಿಡಬೇಕಾಗಿಯೂ ಇಲ್ಲ.

ದದ್ದು ಬಂದು ವಾಸಿಯಾದವರು ಅದನ್ನು ವರದಿ ಮಾಡಬಹುದು. ಔಷಧಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಸರ್ಕಾರದ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024. ರೋಗಿಗಳೇ ನೇರವಾಗಿ ಕರೆ ಮಾಡಬಹುದು. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಶುರು ಮಾಡಿದ ದಿನ, ದದ್ದು ಕಂಡ ದಿನ ಕೇಳುತ್ತಾರೆ. ಖಾಲಿ ಸ್ಟ್ರಿಪ್ ಎಸೆಯಬೇಡಿ ಎಂದಿದ್ದು ಇದಕ್ಕೂ ಸೇರಿ.